ಕತ್ತರಿಯಿಲ್ಲದ ಸಂಕಲನ

ಚಲನಚಿತ್ರವನ್ನು ನೋಡಿ ಮೆಚ್ಚುವ ನಾವು ಅದರ ಸಂಕಲನಕಾರನನ್ನು ನೆನೆಯುವುದು ಅಪರೂಪ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ ಸಾಮಾನ್ಯವಾಗಿ 16 ಚಿತ್ರಗಳಿರುತ್ತವೆ. ಸೆಕೆಂಡಿಗೆ 24 ಚಿತ್ರಗಳಂತೆ ಓಡಿಸಿದರೆ ಎರಡು ಗಂಟೆಗಳ ಆಟಕ್ಕೆ 10,800 ಅಡಿ ಫಿಲ್ಮು ಬೇಕು. ಹಿಂದೆ ಇದನ್ನು ಕತ್ತರಿಸಿ, ಅಂಟಿಸಿಯೇ ಕಥೆಯನ್ನು ಹೆಣೆಯಬೇಕಾಗಿತ್ತು.

1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ವಿಡಿಯೊ ಟೇಪನ್ನು ಬಳಕೆಗೆ ತಂದಾಗ ಹೊಸ ತೊಡಕೊಂದು ಹುಟ್ಟಿತು. ಫಿಲ್ಮಿನ ಮೇಲಿನ ಚಿತ್ರ ಕಣ್ಣಿಗೆ ಕಾಣುತ್ತದೆ. ಟೇಪಿನಲ್ಲಿರುವುದಾದರೋ ಕಾಣದ ಕಾಂತೀಯ ಗುರುತು. ಕಬ್ಬಿಣದ ನುಣ್ಣನೆಯ ಪುಡಿ ಬೆರೆತ ದ್ರವವನ್ನು ಲೇಪಿಸಿ, ಗುರುತನ್ನು ಕಂಡುಕೊಂಡು, ಅಲಗಿನಿಂದ ಕೊಯ್ಯಬೇಕಾಗಿತ್ತು. ಕೈ ತಪ್ಪಿದರೆ ಮೂಲಕ್ಕೇ ಹಾನಿ!

ಗಣಕಯಂತ್ರವು ಈ ಭಯವನ್ನು ನೀಗಿತು. ಅದರಲ್ಲಿ ಚಿತ್ರಗಳೆಲ್ಲ ಅಂಕಿಗಳ ರೂಪದಲ್ಲಿರುತ್ತವೆ. ಸಂಕಲನಕಾರನು ‘ಕತ್ತರಿಸಿದನು’ ಎಂದರೆ, ಯಾವ ಚಿತ್ರದಿಂದ ಯಾವ ಚಿತ್ರದವರೆಗೆ ತೋರಿಸಬೇಕೆಂಬ ಪಟ್ಟಿಯನ್ನು ಬರೆದನೆಂದಷ್ಟೇ ಅರ್ಥ. ಮೂಲವು ಹಾಗೆಯೇ ಉಳಿಯುತ್ತದೆ. ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರವನ್ನು ಈ ಬಗೆಯಲ್ಲಿ ಸಂಕಲಿಸಿದ ವಾಲ್ಟರ್ ಮರ್ಚ್ ಅವರಿಗೆ 1997ರಲ್ಲಿ ಆಸ್ಕರ್ ದೊರೆಯಿತು.

ಆದರೆ ಮೂಲವನ್ನು ಹೊತ್ತ ಡಿಸ್ಕು ಕೆಟ್ಟರೆ ಚಿತ್ರವೆಲ್ಲ ಒಮ್ಮೆಗೇ ನಾಶವಾದೀತು. ಆದುದರಿಂದ ಇನ್ನೊಂದು ಪ್ರತಿಯನ್ನು ಬೇರೆಡೆ ಕಾದಿರಿಸುವುದು ಸಂಕಲನದ ಮೊದಲ ಪಾಠ.