ಬಂಧನ, ಬಲ ಮತ್ತು ಮಹಜರು

ರಾಜ್ಯದ ಪತ್ರಿಕೆಗಳ ಅಪರಾಧ ಪುಟ ಓದುವವರಿಗೆ ಒಂದು ಬಗೆಯ ಸುದ್ದಿ ಬಾಯಿಪಾಠವಾಗಿಬಿಟ್ಟಿದೆ. ಆರೋಪಿಯನ್ನು ನಸುಕಿನಲ್ಲಿ ಸ್ಥಳ ಮಹಜರಿಗೆ ಕರೆದೊಯ್ಯಲಾಗುತ್ತದೆ. ಆತ ಮಾರಕಾಸ್ತ್ರ ಹಿಡಿದು ಸಿಬ್ಬಂದಿಯ ಮೇಲೆ ಎರಗುತ್ತಾನೆ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಗುಂಡು ಹಾರಿಸಿ, ಶರಣಾಗುವಂತೆ ಎಚ್ಚರಿಸುತ್ತಾರೆ. ಕೇಳದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಗಾಯಗೊಂಡ ಕಾನ್‌ಸ್ಟೆಬಲ್, ಆರೋಪಿ ಇಬ್ಬರೂ ಆಸ್ಪತ್ರೆಗೆ ದಾಖಲು. ಇಂಥ ವರದಿಗಳಲ್ಲಿ ನಿಜವಾದವೂ ಇರಬಹುದು. ಆದರೆ ಊರು, ಹೆಸರು ಬದಲಾಗಿ ಮಿಕ್ಕದ್ದೆಲ್ಲ ಹಾಗೆಯೇ ಉಳಿದಾಗ, ಬಂಧಿಸುವ ಕೈಗೆ ಕಾನೂನು ಎಷ್ಟು ಬಲ ಕೊಟ್ಟಿದೆ, ಆ ಬಲ ಮಿತಿ ಮೀರಿತೋ ಇಲ್ಲವೋ ಎಂದು ನೋಡುವವರು ಯಾರು ಎಂಬ ಪ್ರಶ್ನೆ ಏಳಲೇಬೇಕು.

ಹಳೆಯ ಗೆರೆ

ಕಾನೂನಿನ ಮಾತು ಅಸ್ಪಷ್ಟವಾಗಿಲ್ಲ. ಬಾಯಿಮಾತಿನಿಂದಲೋ ನಡೆಯಿಂದಲೋ ವ್ಯಕ್ತಿ ಶರಣಾದರೆ ಪೊಲೀಸರು ಮೈ ಮುಟ್ಟುವ ಅಗತ್ಯವೂ ಇಲ್ಲ. ಬಲವಂತವಾಗಿ ಪ್ರತಿರೋಧಿಸಿದರೆ ಅಥವಾ ತಪ್ಪಿಸಿಕೊಳ್ಳಲು ಯತ್ನಿಸಿದರೆ ಬಂಧನಕ್ಕೆ ಅಗತ್ಯವಾದ ಎಲ್ಲ ಮಾರ್ಗ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧದ ಆರೋಪವಿಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಈ ಕಲಮು ಕೊಡುವುದಿಲ್ಲ. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚಿನ ನಿರ್ಬಂಧ ಹೇರುವಂತಿಲ್ಲ ಎಂದು ಇನ್ನೊಂದು ಕಲಮು ಹೇಳುತ್ತದೆ. ವಸಾಹತು ಕಾಲದ ಸಂಹಿತೆಯಲ್ಲಿದ್ದ ಈ ಗೆರೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 46 ಮತ್ತು 49ನೇ ಕಲಮುಗಳಾಗಿ ಉಳಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 43 ಮತ್ತು 46 ಆಗಿದೆ.

ಗೆರೆಗೆ ಕಾರಣವಾದ ಹಿಂಸೆ ಇನ್ನೂ ಹಳೆಯದು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯಲಿಕ್ಕೂ ಚಿತ್ರಹಿಂಸೆ ರೂಢಿಯಾಗಿದೆ ಎಂದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ನೇಮಿಸಿದ್ದ ತನಿಖಾ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಬಳ್ಳಾರಿ, ಕೆನರಾ ಅಂದು ಆ ಪ್ರಾಂತ್ಯದ ಜಿಲ್ಲೆಗಳೇ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1861ರ ಸಂಹಿತೆಯಲ್ಲೇ ಬಂತು, 1872ರ ಸಾಕ್ಷ್ಯ ಕಾಯ್ದೆಯಲ್ಲಿ ಮುಂದುವರಿಯಿತು, ಇಂದಿಗೂ ಇದೆ. ಪೊಲೀಸರ ಮೇಲೆ ಕಾನೂನಿಗಿರುವ ಈ ಅಪನಂಬಿಕೆಯನ್ನು ಬ್ರಿಟಿಷರೂ ಅಳಿಸಲಿಲ್ಲ, ನಾವೂ ಅಳಿಸಿಲ್ಲ.

ಕೋಳದ ಕಥೆ

ಬಲದ ಅಳತೆ ಎಷ್ಟು ಸಡಿಲವಾಗಬಲ್ಲದು ಎಂಬುದನ್ನು ಕೈಕೋಳದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸದು. ಕೋಳ ಹಾಕುವುದು ಮೇಲ್ನೋಟಕ್ಕೇ ಅಮಾನವೀಯ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಾರಣ ಬರೆದಿಟ್ಟು ಹಾಕಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. 1995ರಲ್ಲಿ ಇನ್ನೂ ಬಿಗಿಗೊಳಿಸಿ, ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂದಿತು. ಠಾಣೆಗಳ ರೂಢಿ ಅಷ್ಟು ಬೇಗ ಬದಲಾಗಲಿಲ್ಲ. ನಮ್ಮ ರಾಜ್ಯದಲ್ಲೇ ಚೆಕ್ ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿ, ಜನರ ಕಣ್ಣೆದುರೇ ರಸ್ತೆಯಲ್ಲಿ ನಡೆಸಿ ಕರೆದೊಯ್ಯಲಾಗಿತ್ತು. 2022ರಲ್ಲಿ ಹೈಕೋರ್ಟ್ ಆತನಿಗೆ ₹2 ಲಕ್ಷ ಪರಿಹಾರ ಕೊಡಿಸಿತು. ಬಂಧನದ ವೇಳೆ ಪೊಲೀಸರು ಮೈಗೆ ಕ್ಯಾಮೆರಾ ಧರಿಸಬೇಕೆಂದೂ ಹೇಳಿತು. ಚೆಕ್ಕಿನ ಬಾಕಿದಾರ ಓಡಿಹೋದಾನೆಂಬ ಭಯಕ್ಕಿಂತ, ಊರಿನ ಮುಂದೆ ಮಾನ ಕಳೆಯುವ ಉದ್ದೇಶವೇ ಇಂಥ ಮೆರವಣಿಗೆಗಳಲ್ಲಿ ಎದ್ದು ಕಾಣುತ್ತದೆ.

ಹೊಸ ಸಂಹಿತೆ ಕೋಳವನ್ನು ಮೊದಲ ಬಾರಿಗೆ ಬಂಧನದ ಕಲಮಿನೊಳಗೇ ತಂದಿದೆ. ರೂಢಿಗತ ಅಪರಾಧಿ, ಹಿಂದೆ ಕಸ್ಟಡಿಯಿಂದ ತಪ್ಪಿಸಿಕೊಂಡವ, ಕೊಲೆ, ಅತ್ಯಾಚಾರ, ಆಸಿಡ್ ದಾಳಿ, ಭಯೋತ್ಪಾದನೆ, ಮಾದಕವಸ್ತು ಮೊದಲಾದ ಪ್ರಕರಣಗಳ ಆರೋಪಿ ಹೀಗೆ ಕೋಳ ಹಾಕಬಹುದಾದವರ ಪಟ್ಟಿ ಸಾಗುತ್ತದೆ. ಮೊದಲ ಕರಡಿನಲ್ಲಿದ್ದ ಆರ್ಥಿಕ ಅಪರಾಧಗಳನ್ನು ಸಂಸದೀಯ ಸಮಿತಿಯ ಸಲಹೆಯ ಮೇಲೆ ಕೈಬಿಡಲಾಯಿತು. ಅಸ್ಪಷ್ಟತೆ ತೊಲಗಿತು ಎನ್ನುವವರಿದ್ದಾರೆ, ಅದರಲ್ಲಿ ಹುರುಳಿದೆ. ಆದರೆ ಹಳೆಯ ತೀರ್ಪುಗಳು ಕೇಳುತ್ತಿದ್ದುದು ಈ ಮನುಷ್ಯ ಓಡಿಹೋಗುವನೇ ಎಂದು. ಹೊಸ ಪಟ್ಟಿ ಬಹುಪಾಲು ಕೇಳುವುದು ಆತನ ಮೇಲಿನ ಆರೋಪ ಯಾವುದು ಎಂದು. ಆರೋಪ ಹೊರಿಸುವವರೂ ಕೋಳ ಹಾಕುವವರೂ ಒಂದೇ ಠಾಣೆಯವರು.

ಠಾಣೆಯ ಬದಿಯಿಂದ

ತಲೆಮರೆಸಿಕೊಂಡವನ ಮನೆ ಬಾಗಿಲು ತಟ್ಟುವ ಪಿಎಸ್‌ಐಗೆ ಒಳಗೆ ಮಚ್ಚು ಕಾದಿದೆಯೋ, ಮಗು ಮಲಗಿದೆಯೋ ತಿಳಿಯದು. ಬಂಧಿಸಲು ಹೋದವರನ್ನು ಊರವರೇ ಸುತ್ತುವರಿದ ಪ್ರಸಂಗಗಳಿವೆ. ಆರೋಪಿ ಪರಾರಿಯಾದರೆ ಅಮಾನತು, ಕೋಳ ಹಾಕಿದರೆ ನ್ಯಾಯಾಲಯದ ಛೀಮಾರಿ. ಕೆಳಹಂತದ ಸಿಬ್ಬಂದಿಯ ಈ ದೂರು ಸುಳ್ಳಲ್ಲ. ಖಾಸಗಿ ರಕ್ಷಣೆಯ ಹಕ್ಕು ಪೊಲೀಸರಿಗೂ ಇದೆ. ಪ್ರಾಣಾಪಾಯದ ಕ್ಷಣದಲ್ಲಿ ಬಳಸಿದ ಬಲವನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದೆಂದು ನ್ಯಾಯಾಲಯಗಳೂ ಹೇಳಿವೆ.

ಆದರೆ ಈ ವಾದವೆಲ್ಲ ಬಾಗಿಲ ಬಳಿಯ ಆ ಕ್ಷಣಕ್ಕೆ ಸೇರಿದ್ದು. ದೂರುಗಳ ದೊಡ್ಡ ಪಾಲು ಅದರ ನಂತರದ ಗಂಟೆಗಳದು. ಪ್ರತಿರೋಧ ನಿಂತ ಗಳಿಗೆಯೇ ಬಲಪ್ರಯೋಗದ ಅನುಮತಿಯೂ ಮುಗಿಯುತ್ತದೆ. ಕೈ ಕಟ್ಟಿದ ಮೇಲೆ ಬೀಳುವ ಮೊದಲ ಏಟಿಗೆ ಯಾವ ಕಲಮಿನ ರಕ್ಷಣೆಯೂ ಇಲ್ಲ. ತಪ್ಪೊಪ್ಪಿಗೆಗಾಗಿ ಗಾಯಗೊಳಿಸಿದರೆ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದ್ದರಿಂದಲೇ ‘ಅರೆಸ್ಟ್ ತೋರಿಸದೆ’ ಇಟ್ಟುಕೊಳ್ಳುವ ಪದ್ಧತಿ ಬೆಳೆದಿರುವುದು. ವಿಚಾರಣೆಗೆಂದು ಕರೆತಂದವನ ಹೆಸರು ಠಾಣೆಯ ಪುಸ್ತಕದಲ್ಲಿ ಇಲ್ಲದಿದ್ದರೆ 24 ಗಂಟೆಯ ಗಡುವು ಕಾಗದದ ಮೇಲೆ ಶುರುವಾಗುವುದೇ ಇಲ್ಲ. ಕಳವು ಮಾಲು ಬೇಗ ಸಿಗಬೇಕೆಂದು ಮೇಲಿನವರ ಒತ್ತಡ, ವರ್ಷಗಟ್ಟಲೆ ಎಳೆಯುವ ವಿಚಾರಣೆಗೆ ಬೇಸತ್ತ ಜನರ ‘ಸರಿಯಾಗಿ ಬುದ್ಧಿ ಕಲಿಸಿದರು’ ಎಂಬ ಶಭಾಷ್‌ಗಿರಿ ಎರಡೂ ಲಾಠಿಗೆ ಕಸುವು ತುಂಬುತ್ತವೆ.

ಬರೆಯುವ ಕೈ

ನ್ಯಾಯಾಲಯಗಳು ಇದನ್ನು ಅರಿತೇ ದಾಖಲೆಯ ಮೇಲೆ ಒತ್ತು ಕೊಟ್ಟಿವೆ. 1996ರ ತೀರ್ಪು 11 ಸೂಚನೆಗಳನ್ನು ನೀಡಿತು. ಎದೆಯ ಮೇಲೆ ಹೆಸರಿನ ಪಟ್ಟಿ, ಸಾಕ್ಷಿಯ ಸಹಿಯಿರುವ ಬಂಧನ ಪತ್ರ, ಮನೆಯವರಿಗೆ ಮಾಹಿತಿ, ಮೈಮೇಲಿನ ಸಣ್ಣ ದೊಡ್ಡ ಗಾಯಗಳ ಪಟ್ಟಿ ಅವುಗಳಲ್ಲಿ ಕೆಲವು. ಬಂಧಿತನನ್ನು ಪರೀಕ್ಷಿಸುವ ವೈದ್ಯರು ಗಾಯದ ಗುರುತನ್ನಷ್ಟೇ ಅಲ್ಲ, ಅದು ಸುಮಾರು ಯಾವ ಹೊತ್ತಿನದು ಎಂಬುದನ್ನೂ ಬರೆಯಬೇಕೆಂದು ಸಂಹಿತೆಯೇ ಹೇಳುತ್ತದೆ. ಬಂಧನದ ಮುಂಚಿನ ಗಾಯವೋ ನಂತರದ್ದೋ ಎಂದು ಬೇರ್ಪಡಿಸಬಲ್ಲ ಸಾಲು ಇದು. 2020ರಲ್ಲಿ ಎಲ್ಲ ಠಾಣೆಗಳಿಗೆ ಸಿಸಿಟಿವಿ ಕಡ್ಡಾಯವಾಯಿತು. ಎನ್‌ಕೌಂಟರ್ ಸಾವುಗಳ ತನಿಖೆ ಬೇರೆ ಠಾಣೆ ಅಥವಾ ಸಿಐಡಿಯಿಂದ ನಡೆಯಬೇಕು ಎಂದ 2014ರ ತೀರ್ಪು, ತೀವ್ರ ಗಾಯದ ಪ್ರಕರಣಗಳಿಗೂ ಅದು ಸಾಧ್ಯವಾದಷ್ಟು ಅನ್ವಯಿಸುತ್ತದೆ ಎಂದು ಸೇರಿಸಿದೆ. ಕಾಲಿಗೆ ಬಿದ್ದ ಗುಂಡನ್ನು ಈ ಮಾತಿನ ಹೊರಗಿಡಲು ಕಾರಣವಿಲ್ಲ.

ಸಂಸತ್ತಿನ ಹೆಜ್ಜೆ ಇಷ್ಟು ಚುರುಕಾಗಿಲ್ಲ. ಚಿತ್ರಹಿಂಸೆ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಕಾಯ್ದೆಯಾಗಲಿಲ್ಲ. ಕಸ್ಟಡಿಯಲ್ಲಿ ಗಾಯವಾದರೆ ಅದನ್ನು ಪೊಲೀಸರೇ ಮಾಡಿದ್ದೆಂದು ನ್ಯಾಯಾಲಯ ಭಾವಿಸಬಹುದೆಂಬ ಕಾನೂನು ಆಯೋಗದ 1985ರ ಸಲಹೆ ಹೊಸ ಸಾಕ್ಷ್ಯ ಕಾನೂನಿನಲ್ಲೂ ಜಾಗ ಪಡೆಯಲಿಲ್ಲ.

ಹೀಗಾಗಿ ಕೊರತೆ ಗೆರೆಯದಲ್ಲ. ಬಲ ಬಳಸಿದವರೇ ಅದರ ಅಗತ್ಯವನ್ನೂ ಬರೆದಿಡುವ ವ್ಯವಸ್ಥೆಯದು. ಹೊಸ ಕಲಮುಗಳಿಗೆ ಕಾಯದೆಯೇ ಮಾಡಬಹುದಾದ ಕೆಲಸವೊಂದಿದೆ. ಬಂಧಿತನನ್ನು ಮೊದಲ ಸಲ ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರು ಪೊಲೀಸರು ಹೊಡೆದರೇ ಎಂದು ಕೇಳುವುದುಂಟು. ಕರೆತಂದ ಪೇದೆ ಪಕ್ಕದಲ್ಲೇ ನಿಂತಿರುವಾಗ ‘ಇಲ್ಲ’ ಎಂಬ ಉತ್ತರಕ್ಕೆ ಹೆಚ್ಚಿನ ಬೆಲೆ ಕಟ್ಟಲಾಗದು. ಆ ಪ್ರಶ್ನೆ ಕೇಳುವಷ್ಟು ಹೊತ್ತು ಪೊಲೀಸರನ್ನು ಹೊರಗೆ ನಿಲ್ಲಿಸಿ, ವೈದ್ಯರ ಚೀಟಿಯನ್ನು ಮುಂದಿಟ್ಟುಕೊಂಡು, ಸಿಕ್ಕ ಉತ್ತರವನ್ನು ಅವನ ಮಾತಿನಲ್ಲೇ ಬರೆದುಕೊಳ್ಳಲು ಯಾವ ತಿದ್ದುಪಡಿಯೂ ಬೇಕಿಲ್ಲ.