ಆರು ಏರ್‌ಬ್ಯಾಗ್, ಒಂದು ಬೆಲ್ಟು

"ತಾತ, ಆರು ಏರ್‌ಬ್ಯಾಗ್ ಇರೋ ಕಾರು ತಗೊಳ್ರಿ" ಎಂದಳು ಮೊಮ್ಮಗಳು. ಯಾಪಲದಿನ್ನಿಯಿಂದ ರಾಯಚೂರಿಗೆ ಓಡಾಡುವ ನಮ್ಮ ಹಳೇ ಕಾರಿನಲ್ಲಿ ಒಂದೂ ಇಲ್ಲ.

ಆರನ್ನು ಕಡ್ಡಾಯ ಮಾಡಲು 2022ರ ಜನವರಿಯಲ್ಲಿ ಕರಡು ನಿಯಮ ಬಂತು. ಗಡುವು ಒಂದು ವರ್ಷ ಮುಂದೆ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಸಚಿವ ನಿತಿನ್ ಗಡ್ಕರಿ, ಕಡ್ಡಾಯ ಮಾಡುವುದಿಲ್ಲ ಎಂದರು. ಸಣ್ಣ ಕಾರು ತುಟ್ಟಿಯಾದರೆ ಬಡವರು ಬೈಕಿನಲ್ಲೇ ಉಳಿಯುತ್ತಾರೆ ಎಂಬ ವಾದವಿತ್ತು. ಬ್ಯಾಂಕಿನಲ್ಲಿದ್ದಾಗ, ಬೆಲೆ ಹತ್ತು ಸಾವಿರ ಏರಿದ್ದಕ್ಕೆ ಕಂತಿನ ಲೆಕ್ಕ ಹಾಕಿ ಎದ್ದು ಹೋದವರನ್ನು ಕಂಡಿದ್ದೇನೆ. ಹಾಗಾಗಿ ಆ ಮಾತನ್ನು ತಳ್ಳಿಹಾಕಲಾರೆ.

ಆದರೆ ಚಾಲಕನ ಏರ್‌ಬ್ಯಾಗ್ 2019ರಲ್ಲಿ, ಪಕ್ಕದ ಸೀಟಿನದು 2021ರಲ್ಲಿ ಕಡ್ಡಾಯವಾಯಿತು. ನಮ್ಮ ಇಷ್ಟಕ್ಕೆ ಬಿಟ್ಟಿದ್ದರೆ ಅವೂ ಬರುತ್ತಿರಲಿಲ್ಲವೇನೋ. ನಾವು ಮೊದಲು ಕೇಳುವುದು ಮೈಲೇಜು, ಆಮೇಲೆ ಬಣ್ಣ!

ಮಕ್ಕಳೇ, ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಬೆಲ್ಟ್ ಹಾಕದೆ ಮುಂದಕ್ಕೆ ಬಿದ್ದವರಿಗೆ ಅದರಿಂದಲೇ ಪೆಟ್ಟಾಗಬಹುದು. ಈಗಿನ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದವರು ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್. ಅದು 1959ರಲ್ಲಿ ಕಾರಿಗೆ ಬಂತು. ಪೇಟೆಂಟನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ನಮ್ಮ ಕಾರಿನಲ್ಲೂ ಬೆಲ್ಟ್ ಇದೆ. ಹಿಂದಿನವು ಮಾತ್ರ ಸೀಟಿನ ಸಂದಿಯಲ್ಲಿ ಸಿಕ್ಕಿಬಿದ್ದಿದ್ದವು. ಮೊನ್ನೆ ಮೊಮ್ಮಗಳೂ ನಾನೂ ಸೇರಿ ಹೊರಗೆಳೆದೆವು.