ಮತಪರೀಕ್ಷೆಯ ವಾದ-ಪ್ರತಿವಾದ: ಕ್ರೈಸ್ತ ಶ್ರದ್ಧೆಯ ತಾರ್ಕಿಕ ಹಾಗೂ ನೈತಿಕ ಸಮರ್ಥನೆ

ಮತಗಳನ್ನು ಒರೆಗೆ ಹಚ್ಚಿ ನೋಡುವ ಕೃತಿಗಳು ಕನ್ನಡಕ್ಕೆ ಹೊಸವಲ್ಲ. 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯೂ 14ನೆಯ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ಯೂ ಪರಮತಗಳ ವಿಮರ್ಶೆಯ ಮೂಲಕ ಜೈನಮತದ ಹಿರಿಮೆಯನ್ನು ಸ್ಥಾಪಿಸಹೊರಟ ಕೃತಿಗಳು. ಇಂಥದೇ ಹೆಸರನ್ನು ಹೊತ್ತ ಸಂಸ್ಕೃತ ಕೃತಿಯೊಂದು 1839ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅದು ‘ಮತಪರೀಕ್ಷಾ’. ಅದನ್ನು ರಚಿಸಿದವನು ಕಂಪನಿ ಸರಕಾರದ ಅಧಿಕಾರಿಯಾಗಿದ್ದ ಸ್ಕಾಟ್ಲೆಂಡಿನ ಜಾನ್ ಮ್ಯೂರ್ (1810–1882). ಅದು ಸಮರ್ಥಿಸಿದ್ದು ಕ್ರೈಸ್ತಮತವನ್ನು.

ಮ್ಯೂರ್ ಆರಿಸಿಕೊಂಡ ರೂಪವೇ ಗಮನಾರ್ಹವಾದುದು. ಅನುಷ್ಟುಪ್ ಛಂದಸ್ಸು, ಗುರು-ಶಿಷ್ಯ ಸಂವಾದ, ಶಾಸ್ತ್ರಗ್ರಂಥಗಳ ಗಂಭೀರ ಶೈಲಿ ಇವುಗಳನ್ನು ಬಳಸಿ ಅವನು ಪಂಡಿತರನ್ನು ಅವರ ಭಾಷೆಯಲ್ಲಿಯೇ ವಾದಕ್ಕೆ ಕರೆದನು. ಅವನ ವಾದಕ್ರಮದ ಹಿಂದೆ ವಿಲಿಯಂ ಪೇಲಿಯಂಥ ಆಂಗ್ಲ ಚಿಂತಕರ ಪರಂಪರೆಯಿದೆ. ಪೇಲಿಯ ಕ್ರೈಸ್ತಮತ ಪ್ರಮಾಣಗಳ ಗ್ರಂಥ ಹೊರಬಂದದ್ದು 1794ರಲ್ಲಿ. ಈ ಪರಂಪರೆಯಂತೆ ಶ್ರದ್ಧೆಯು ಕುರುಡಾಗಿರಬೇಕಾಗಿಲ್ಲ. ಅದಕ್ಕೆ ಯೋಗ್ಯವಾದ ಪ್ರಮಾಣಗಳುಂಟು. ಅವುಗಳನ್ನು ಯಾವ ವಿವೇಕಿಯಾದರೂ ತೂಗಿನೋಡಬಹುದು.

ಸತ್ಯಶಾಸ್ತ್ರವನ್ನು ಗುರುತಿಸಲು ಮ್ಯೂರ್ ಮುಖ್ಯವಾಗಿ ಮೂರು ಲಕ್ಷಣಗಳನ್ನು ಮುಂದಿಟ್ಟನು. ಮೊದಲನೆಯದು, ಮತಸ್ಥಾಪಕನಲ್ಲಿ ಅದ್ಭುತಕಾರ್ಯಗಳನ್ನು ಮಾಡುವ ಶಕ್ತಿಯಿರಬೇಕು. ಎರಡನೆಯದು, ಶಾಸ್ತ್ರವು ಪವಿತ್ರವಾಗಿರಬೇಕು. ಎಂದರೆ ಅದರ ಬೋಧೆ ನೈತಿಕವಾಗಿ ನಿರ್ಮಲವಾಗಿರಬೇಕು. ಮೂರನೆಯದು, ಅದು ಸಕಲ ಮನುಷ್ಯರಿಗೂ ಸಲ್ಲುವಂತಿರಬೇಕು. ಮೊದಲನೆಯದು ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಉಳಿದೆರಡು ನೀತಿಗೆ ಸಂಬಂಧಿಸಿದವು. ವೇದಾಧ್ಯಯನದ ಅಧಿಕಾರವನ್ನು ಕೆಲವರಿಗೆ ಮಾತ್ರ ಮೀಸಲಿಟ್ಟ ವ್ಯವಸ್ಥೆಗೆ ಮೂರನೆಯ ಲಕ್ಷಣ ನೇರವಾಗಿ ತಾಗುತ್ತಿತ್ತು. ಅರಿವಿನ ಅಧಿಕಾರವನ್ನು ಹುಟ್ಟಿನಿಂದ ಅಳೆಯಬಹುದೇ ಎಂಬ ಪ್ರಶ್ನೆಯನ್ನು ವಚನಕಾರರು 12ನೆಯ ಶತಮಾನದಲ್ಲಿಯೇ ಎತ್ತಿದ್ದುದರಿಂದ ಕನ್ನಡದ ಓದುಗನಿಗೆ ಈ ಆಕ್ಷೇಪದ ತೀವ್ರತೆಯನ್ನು ವಿವರಿಸಬೇಕಾಗಿಲ್ಲ.

ಪಂಡಿತವರ್ಗ ಮೌನವಾಗಿರಲಿಲ್ಲ. ಸೋಮನಾಥ ಎಂಬ ಹೆಸರಿನಿಂದ ಬರೆದ, ಸೆಹೋರ್‌ನ ಸುಬಾಜಿ ಬಾಪು ಎಂದು ಗುರುತಿಸಲಾಗಿರುವ ವಿದ್ವಾಂಸರು 1839ರಲ್ಲಿಯೂ, ಹರಚಂದ್ರ ತರ್ಕಪಂಚಾನನರು 1840ರಲ್ಲಿಯೂ ಉತ್ತರಗ್ರಂಥಗಳನ್ನು ರಚಿಸಿದರು. ಇವರಲ್ಲಿ ಸೋಮನಾಥರ ಧಾಟಿ ಸೌಮ್ಯವಾದುದು; ಹರಚಂದ್ರರದು ತೀಕ್ಷ್ಣವಾದುದು. ಆದರೆ ಅತ್ಯಂತ ಆಳವಾದ ಪ್ರತಿವಾದ ಬಂದದ್ದು ಕಾಶಿಯ ನೀಲಕಂಠ ಗೋರೆಯವರಿಂದ. ಇಪ್ಪತ್ತರ ಆಸುಪಾಸಿನ ಈ ತರುಣ 1844–45ರಲ್ಲಿ ‘ಶಾಸ್ತ್ರತತ್ತ್ವವಿನಿರ್ಣಯ’ವನ್ನು ಬರೆದರು.

ಗೋರೆಯವರ ವಾದಕ್ಕೆ ಎರಡು ಮುಖಗಳಿವೆ. ಶಾಸ್ತ್ರದ ಆಧಾರವಿಲ್ಲದ ಒಣತರ್ಕಕ್ಕೆ ನೆಲೆಯಿಲ್ಲವೆಂಬುದು ಒಂದು. ಇದು ವೇದಾಂತಪರಂಪರೆಯ ಹಳೆಯ ನಿಲುವು. ಇನ್ನೊಂದು ಮ್ಯೂರನ ನೈತಿಕ ಅಳತೆಗೋಲನ್ನು ಅವನತ್ತಲೇ ತಿರುಗಿಸುವಂಥದು. ಹಸುಳೆಗಳೂ ಪ್ರಾಣಿಗಳೂ ಯಾವ ಪಾಪದ ಫಲವಾಗಿ ನೋವುಣ್ಣುತ್ತವೆ? ಕರ್ಮಸಿದ್ಧಾಂತದಲ್ಲಿ ಇದಕ್ಕೆ ಉತ್ತರವುಂಟು. ಪೂರ್ವಜನ್ಮವನ್ನು ಒಪ್ಪದ ಮತ ಏನು ಹೇಳುತ್ತದೆ? ಮಿತವಾದ ಪಾಪಕ್ಕೆ ಕೊನೆಯಿಲ್ಲದ ನರಕವನ್ನು ವಿಧಿಸುವವನು ನ್ಯಾಯವಂತನೂ ದಯಾಳುವೂ ಆಗುವುದು ಹೇಗೆ? ದೇವರು ನೀತಿಸ್ವರೂಪನೆಂದು ಸಾರುವ ಮತವೇ ಈ ಪ್ರಶ್ನೆಗಳಿಗೆ ಎಲ್ಲರಿಗಿಂತ ಹೆಚ್ಚು ಹೊಣೆಯಾಗುತ್ತದೆ. ನೈತಿಕ ಸಮರ್ಥನೆಯ ಬಲವೂ ಅದರ ಅಪಾಯವೂ ಇಲ್ಲಿ ಒಟ್ಟಿಗೇ ಗೋಚರಿಸುತ್ತವೆ.

ಈ ವಾದದ ಮುಂದಿನ ಘಟ್ಟ ಅನಿರೀಕ್ಷಿತವಾದುದು. ಖಂಡಿಸಲೆಂದು ಕ್ರೈಸ್ತಗ್ರಂಥಗಳನ್ನು ಓದಿದ ಗೋರೆಯವರು 1848ರಲ್ಲಿ ಜೌನ್‌ಪುರದಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಾಯ ಗೋರೆ ಆದರು. 1860ರಲ್ಲಿ ಹಿಂದಿಯಲ್ಲಿ ‘ಷಡ್ದರ್ಶನ ದರ್ಪಣ’ವನ್ನು ಬರೆದು, ತಾವು ಹಿಂದೆ ಸಮರ್ಥಿಸಿದ್ದ ದರ್ಶನಗಳನ್ನೇ ತರ್ಕದಿಂದ ಪರೀಕ್ಷಿಸಿದರು. ಆದರೂ ಸಂದೇಹಗಳು ಅವರನ್ನು ಬಾಳಿನುದ್ದಕ್ಕೂ ಕಾಡಿದವು. ಆದ್ದರಿಂದ ಅವರ ಮತಾಂತರವನ್ನು ಒಂದು ಪಕ್ಷದ ಗೆಲುವೆಂದು ಎಣಿಸುವುದು ಸರಳೀಕರಣವಾದೀತು. ಪಕ್ಷ ಬದಲಾದರೂ ಪ್ರಶ್ನೆ ಕೇಳುವ ಬುದ್ಧಿ ಬದಲಾಗಲಿಲ್ಲ.

ಈ ಪರಂಪರೆ ಕನ್ನಡನಾಡನ್ನು ಮುಟ್ಟುವುದು ಪಂಡಿತಾ ರಮಾಬಾಯಿಯವರ ಮೂಲಕ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ರಮಾಬಾಯಿ ತಂದೆತಾಯಿಗಳಿಂದಲೇ ಸಂಸ್ಕೃತ ಕಲಿತವರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರು ದೀಕ್ಷಾಸ್ನಾನ ಪಡೆದರು. 1907ರ ತಮ್ಮ ಆತ್ಮನಿವೇದನೆಯಲ್ಲಿ ಅವರು ಎರಡು ಪ್ರೇರಣೆಗಳನ್ನು ಸ್ಮರಿಸುತ್ತಾರೆ. ಬುದ್ಧಿಗೆ ನಿಲುಕಿದ್ದು ಗೋರೆಯವರ ವಿಚಾರ. ಹೃದಯಕ್ಕೆ ತಾಗಿದ್ದು, ಸಮಾಜ ‘ಪತಿತೆ’ಯರೆಂದು ತಳ್ಳಿದ ಹೆಂಗಸರಿಗೆ ಲಂಡನ್ನಿನಲ್ಲಿ ಕ್ರೈಸ್ತ ಸೋದರಿಯರು ಸಲ್ಲಿಸುತ್ತಿದ್ದ ಸೇವೆ ಮತ್ತು ಅದಕ್ಕೆ ಮೂಲವಾದ, ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗ. ಶಾಸ್ತ್ರ ಸರ್ವರಿಗೂ ಸಲ್ಲಬೇಕೆಂಬ ಮ್ಯೂರನ ಮೂರನೆಯ ಲಕ್ಷಣ ಇಲ್ಲಿ ಶ್ಲೋಕವನ್ನು ಬಿಟ್ಟು ನಡತೆಯಾಗಿ ನಿಂತಿದೆ. ಹಾಗೆಂದು ರಮಾಬಾಯಿ ತಮ್ಮ ವಿಚಾರಸ್ವಾತಂತ್ರ್ಯವನ್ನು ಒಪ್ಪಿಸಿಬಿಡಲಿಲ್ಲ. ತ್ರಿತ್ವದಂಥ ವಿಷಯಗಳಲ್ಲಿ ತಮಗೆ ಮನವರಿಕೆಯಾಗದ್ದನ್ನು ಸಭೆಯ ಅಧಿಕಾರಕ್ಕೆ ಮಣಿದು ಒಪ್ಪಲಾರೆನೆಂದು ಸೋದರಿ ಜೆರಾಲ್ಡೀನ್‌ರೊಡನೆ ಪತ್ರಮುಖೇನ ವಾದಿಸಿದರು.

ಈ ಇತಿಹಾಸದಿಂದ ತಿಳಿದುಬರುವ ಅಂಶಗಳು ಎರಡು. ತರ್ಕವು ಶ್ರದ್ಧೆಯ ಮುಂದಿರುವ ಅಡ್ಡಿಗಳನ್ನು ಸರಿಸಬಲ್ಲದು. ಶ್ರದ್ಧೆಯನ್ನು ತಾನೇ ಹುಟ್ಟಿಸಲಾರದು. ನೈತಿಕ ವಾದವಾದರೋ ಅದನ್ನು ಹೂಡಿದವನ ಬಾಳನ್ನೂ ಅದೇ ಅಳತೆಗೋಲಿನಿಂದ ಅಳೆಯುತ್ತದೆ. ಪರಮತವನ್ನು ಪರೀಕ್ಷಿಸಹೊರಟವನು ಸ್ವಮತವನ್ನೂ ಅದೇ ಒರೆಗಲ್ಲಿಗೆ ಹಚ್ಚಲೇಬೇಕಾಗುತ್ತದೆ. ಬ್ರಹ್ಮಶಿವ, ವೃತ್ತವಿಲಾಸರನ್ನು ಓದುವ ವಿದ್ಯಾರ್ಥಿಯು ಆ ಕಾವ್ಯಗಳ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ ಆಗಿದೆ.